ಬೆಚ್ಚುವುದಕ್ಕೂ ನಗುವುದಕ್ಕೂ ಒಂದೇ ಗಡಿಯಾರ

ಎಲ್ಲರಿಗೂ ನಮಸ್ಕಾರ.

ಹಾರರ್ ಸಿನಿಮಾ, ಕಂತಿಗೊಂದು ಕಥೆ ಮುಗಿಸುವ ಆಂಥಾಲಜಿ ಸರಣಿ, ಮೆರೆದು ಮಂಕಾದ ಹಾಸ್ಯನಟರು. ಈ ಮೂರನ್ನೂ ಒಂದೇ ಉಪನ್ಯಾಸಕ್ಕೆ ಕಟ್ಟಿದರೆ ಎತ್ತಣ ಮಾಮರ ಎತ್ತಣ ಕೋಗಿಲೆ ಅನ್ನಿಸುವುದು ಸಹಜ. ಆದರೆ ಎಡಿಟಿಂಗ್ ಮೇಜಿನ ಕಡೆಯಿಂದ ನೋಡಿದರೆ ಮೂವರೂ ಅಕ್ಕಪಕ್ಕದ ಮನೆಯವರೇ. ನೋಡುವವರು ‘ಈಗ ಏನೋ ಆಗುತ್ತದೆ’ ಅಂದುಕೊಂಡ ಗಳಿಗೆಗೂ ಅದು ಆಗುವ ಗಳಿಗೆಗೂ ನಡುವೆ ಒಂದು ಬಿಡುವಿದೆಯಲ್ಲ, ಮೂವರ ಬಂಡವಾಳವೂ ಅದೇ. ಬಿಡುವು ಹದವಾಗಿದ್ದರೆ ಜನ ಬೆಚ್ಚುತ್ತಾರೆ, ಇಲ್ಲವೇ ನಗುತ್ತಾರೆ. ಅದರ ಅಳತೆ ಜನಕ್ಕೆ ಬಾಯಿಪಾಠವಾಯಿತೋ, ದೆವ್ವವೂ ಸಪ್ಪೆ, ಜೋಕೂ ಸಪ್ಪೆ.

ದೆವ್ವದ ಕಡೆಯಿಂದಲೇ ಶುರು ಮಾಡೋಣ. 1942ರಲ್ಲಿ ಬಂದ ‘ಕ್ಯಾಟ್ ಪೀಪಲ್’ ಎಂಬ ಚಿತ್ರದಲ್ಲಿ ಒಂದು ದೃಶ್ಯವಿದೆ. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್, ಸಂಕಲನಕಾರ ಮಾರ್ಕ್ ರಾಬ್ಸನ್. ರಾತ್ರಿ, ಪಾರ್ಕಿನ ಕಲ್ಲುಗೋಡೆ ಪಕ್ಕದ ಹಾದಿಯಲ್ಲಿ ಒಬ್ಬಳು ನಡೆದು ಹೋಗುತ್ತಿದ್ದಾಳೆ. ಅವಳ ಹಿಂದೆ ಇನ್ನೊಬ್ಬಳು, ಚಿರತೆಯಾಗಿ ಬದಲಾಗುತ್ತಾಳೆಂಬ ಶಂಕೆಯಿರುವವಳು. ಹಿನ್ನೆಲೆ ಸಂಗೀತವಿಲ್ಲ, ಇಬ್ಬರ ಹೀಲ್ಸ್ ಸದ್ದು ಮಾತ್ರ. ಬೀದಿದೀಪದಡಿ ಒಂದಿಷ್ಟು ಬೆಳಕು, ಆಮೇಲೆ ಕತ್ತಲು, ಮತ್ತೆ ಬೆಳಕು. ಸ್ವಲ್ಪ ಹೊತ್ತಿಗೆ ಹಿಂದಿನ ಹೆಜ್ಜೆಯ ಸದ್ದು ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡುತ್ತಾಳೆ, ಯಾರೂ ಇಲ್ಲ. ನಡಿಗೆ ಬಿರುಸಾಗುತ್ತದೆ, ಉಸಿರು ಏರುತ್ತದೆ. ಆಗ ಯಾವುದೋ ಮೃಗ ಬುಸುಗುಟ್ಟಿದಂತೆ ಒಂದು ಸದ್ದು, ಅದರ ಜೊತೆಗೇ ಚೌಕಟ್ಟಿನೊಳಗೆ ನುಗ್ಗುತ್ತದೆ ಒಂದು ಬಸ್ಸು. ಸದ್ದು ಬಸ್ಸಿನ ಬ್ರೇಕಿನದು. ಅಷ್ಟೇ. ಚಿರತೆಯಿಲ್ಲ, ರಕ್ತವಿಲ್ಲ, ಬಾಗಿಲು ತೆರೆದು ನಿಂತ ಬಸ್ಸು. ಈ ತಂತ್ರಕ್ಕೆ ಇವತ್ತಿಗೂ ‘ಲ್ಯೂಟನ್ ಬಸ್’ ಎಂದೇ ಹೆಸರು.

ಇದರಲ್ಲಿ ಬೆಲೆಬಾಳುವ ಕೆಲಸ ಬಸ್ಸಿನದಲ್ಲ, ನಿಂತುಹೋದ ಹೆಜ್ಜೆಯದು. ಇದ್ದ ಸದ್ದೊಂದನ್ನು ತೆಗೆದಾಗ ಕಿವಿ ತಾನಾಗಿಯೇ ನಿಮಿರುತ್ತದೆ. ಇವತ್ತು ಧ್ವನಿ ಮಿಕ್ಸ್ ಮಾಡುವವರೂ ಅದನ್ನೇ ಮಾಡುತ್ತಾರೆ: ಗಾಳಿ, ಫ್ಯಾನು, ದೂರದ ವಾಹನ ಇವನ್ನೆಲ್ಲ ಮೊದಲು ಸಣ್ಣಗೆ ಇಟ್ಟಿರುತ್ತಾರೆ, ಬೆಚ್ಚಿಸುವ ಸದ್ದಿನ ಹೊಡೆತಕ್ಕೆ ಎರಡು ಮೂರು ಸೆಕೆಂಡು ಮುಂಚೆ ಒಂದೊಂದಾಗಿ ಹಿಂದಕ್ಕೆಳೆಯುತ್ತಾರೆ. ಮೊದಲೇ ಸದ್ದಿಲ್ಲದಿದ್ದರೆ ತೆಗೆಯುವುದಕ್ಕೆ ಏನೂ ಇರುವುದಿಲ್ಲ. ಹೊಸಬರ ಕಿರುಚಿತ್ರಗಳು ಎಡವುವುದು ಇಲ್ಲೇ. ಇನ್ನು ಹೊಡೆತದ ಲೆಕ್ಕ. ದಿಢೀರ್ ಸದ್ದು ಕೇಳಿದಾಗ ಕಣ್ಣೆವೆ ಮುಚ್ಚಿಕೊಳ್ಳಲು ಶುರುವಾಗುವುದಕ್ಕೆ ಸುಮಾರು 30ರಿಂದ 50 ಮಿಲಿಸೆಕೆಂಡ್ ಸಾಕು. ಸೆಕೆಂಡಿಗೆ 24 ಫ್ರೇಮಿನ ಸಿನಿಮಾದಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್. ಅಂದರೆ ಮೈ ಬೆಚ್ಚುವುದು ಒಂದೇ ಫ್ರೇಮಿನ ಮಾತು; ಕಂಡದ್ದೇನೆಂದು ತಲೆಗೆ ಹೋಗುವುದು ಆಮೇಲೆ. ಹಾಗಾಗಿ ಸದ್ದು ಕಟ್‌ನ ಮೇಲೆಯೇ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಗಳಿಗೆಗೇ ಬೀಳಬೇಕು, ಇಲ್ಲವೇ ಕೂದಲೆಳೆಯಷ್ಟು ಮುಂಚೆ. ನಾಲ್ಕೈದು ಫ್ರೇಮ್ ತಡವಾದರೆ ಮುಖ ಮೊದಲು ಕಂಡು ‘ಓ, ದೆವ್ವ’ ಅನ್ನಿಸಿ, ಆಮೇಲೆ ಸದ್ದು ಬಂದು ನಗೆಪಾಟಲಾಗುತ್ತದೆ.

ಈ ಬೆಚ್ಚುವಿಕೆಗೆ ಒಂದು ದೊಡ್ಡ ದೋಷವಿದೆ, ಬಳಸಿದಷ್ಟೂ ಸವೆಯುತ್ತದೆ. ಒಂದೇ ಅಂತರದಲ್ಲಿ ಮೂರು ಸಲ ಬೆಚ್ಚಿಸಿದರೆ ನಾಲ್ಕನೆಯ ಸಲಕ್ಕೆ ಜನವೇ ಎಣಿಸಿಕೊಂಡು ಕೂತಿರುತ್ತಾರೆ. ಬಚ್ಚಲಮನೆಯ ಕನ್ನಡಿ ಕಪಾಟು ತೆರೆದು ಮುಚ್ಚಿದಾಗ ಹಿಂದೆ ಯಾರೋ ನಿಂತಿರುವ ಶಾಟ್ ನಿಮಗೆ ಗೊತ್ತೇ ಇದೆ. ಈಗ ಯಾರಾದರೂ ಕನ್ನಡಿ ಮುಟ್ಟಿದರೆ ಸಾಕು, ಪ್ರೇಕ್ಷಕರು ಮೊದಲೇ ಕಣ್ಣು ಕಿರಿದು ಮಾಡಿಕೊಂಡಿರುತ್ತಾರೆ. ಜಾಣ ನಿರ್ದೇಶಕ ಕನ್ನಡಿಯನ್ನು ಖಾಲಿ ಬಿಡುತ್ತಾನೆ. ನೀವು ‘ಉಸ್ಸಪ್ಪ’ ಅಂದು ಭುಜ ಇಳಿಸುತ್ತೀರಲ್ಲ, ಅವನಿಗೆ ಬೇಕಾದದ್ದು ಆ ಇಳಿದ ಭುಜ.

ಬೆಚ್ಚಿಸುವುದು ಒಂದು, ದಿಗಿಲಿನಲ್ಲಿ ಕೂರಿಸುವುದು ಇನ್ನೊಂದು. ನಿರ್ದೇಶಕ ಹಿಚ್‌ಕಾಕ್ ಕೊಟ್ಟ ಮೇಜಿನ ಕೆಳಗಿನ ಬಾಂಬಿನ ಉದಾಹರಣೆ ಹಳತಾದರೂ ಕೆಟ್ಟಿಲ್ಲ. ಯಾರಿಗೂ ಗೊತ್ತಿಲ್ಲದೆ ಬಾಂಬು ಸಿಡಿದರೆ ಸಿಕ್ಕುವುದು 15 ಸೆಕೆಂಡಿನ ಬೆರಗು. ಬಾಂಬಿರುವುದು ಪ್ರೇಕ್ಷಕರಿಗೆ ಗೊತ್ತಿದ್ದು ಮೇಜಿನ ಸುತ್ತ ಕೂತವರಿಗೆ ಗೊತ್ತಿಲ್ಲದಿದ್ದರೆ 15 ನಿಮಿಷದ ತಳಮಳ. ಯಾರಿಗೆ ಗೊತ್ತು, ಯಾರಿಗೆ ಗೊತ್ತಿಲ್ಲ ಎಂಬ ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ಹಾಸ್ಯದ ಹತ್ತಿರ ಬಂದಾಗ ಮತ್ತೆ ಬೇಕಾಗುತ್ತದೆ.

ಮನೆಯಲ್ಲಿ ನೋಡುವವರಿಗೆ ಒಂದು ಕಿವಿಮಾತು. ‘ಈಗಿನ ಹಾರರ್‌ನಲ್ಲಿ ಹೆದರಿಕೆಯೇ ಇಲ್ಲ’ ಅನ್ನುವವರಲ್ಲಿ ಅನೇಕರ ತಕರಾರು ಸಿನಿಮಾದ್ದಲ್ಲ, ಟೀವಿಯದು. ನೈಟ್ ಮೋಡ್, ಆಟೋ ವಾಲ್ಯೂಮ್ ಇಂಥವು ಪಿಸುಮಾತನ್ನು ಏರಿಸಿ ಚೀರಾಟವನ್ನು ಇಳಿಸುತ್ತವೆ. ಎರಡರ ನಡುವಿನ ಅಂತರವನ್ನೇ ನೆಲಸಮ ಮಾಡಿದ ಮೇಲೆ ಬೆಚ್ಚುವುದೆಲ್ಲಿಂದ? ಅವನ್ನು ಆರಿಸಿ. ಮೊದಲ ಹತ್ತು ನಿಮಿಷದಲ್ಲಿ ಬರುವ ಅತಿ ಮೆಲುದನಿಯ ಮಾತು ಕೇಳುವಷ್ಟಕ್ಕೆ ವಾಲ್ಯೂಮ್ ಇಟ್ಟು, ಆಮೇಲೆ ರಿಮೋಟ್ ಮುಟ್ಟಬೇಡಿ. ಮೋಷನ್ ಸ್ಮೂದಿಂಗ್ ಕೂಡ ಬೇಡ. ಅದು ಇಲ್ಲದ ಫ್ರೇಮುಗಳನ್ನು ನಡುವೆ ತುರುಕಿ ಸಿನಿಮಾವನ್ನು ಸುದ್ದಿ ಪ್ರಸಾರದಂತೆ ಕಾಣಿಸುತ್ತದೆ. ದೀಪ ಬೇಕೇ ಬೇಕಿದ್ದರೆ ಪರದೆಯ ಹಿಂದಿರಲಿ. ಎದುರಿಗಿದ್ದರೆ ಕತ್ತಲ ಮೂಲೆಯಲ್ಲಿ ನಿಮಗೆ ಕಾಣುವುದು ನಿಮ್ಮದೇ ಪ್ರತಿಬಿಂಬ. (ಕೆಲವು ಚಿತ್ರಗಳಿಗೆ ಅದೇ ವಾಸಿ ಅನ್ನಿ.)

ಈಗ ಆಂಥಾಲಜಿ. ಪ್ರತಿ ಕಂತಿಗೂ ಹೊಸ ಕಥೆ, ಹೊಸ ನಟರು, ಹೊಸ ಸೆಟ್. ಮಾಮೂಲಿ ಧಾರಾವಾಹಿಯಲ್ಲಿ ಒಂದು ಸಲ ಕಟ್ಟಿದ ಮನೆ ನೂರು ಕಂತು ದುಡಿಯುತ್ತದೆ. ಇಲ್ಲಿ ಒಂದು ವಾರಕ್ಕೆ ಕಟ್ಟಿ ಕೆಡವಬೇಕು. ಹಾಗಾಗಿಯೇ ಬಹಳಷ್ಟು ಆಂಥಾಲಜಿ ಕಥೆಗಳು ಒಂದು ಕೋಣೆ, ಒಂದು ರೈಲು ಬೋಗಿ, ಒಂದು ಲಿಫ್ಟಿನೊಳಗೆ ನಡೆಯುತ್ತವೆ. 2014ರಿಂದ 2024ರವರೆಗೆ ನಡೆದ ಬಿಬಿಸಿಯ ‘ಇನ್‌ಸೈಡ್ ನಂಬರ್ 9’ ಈ ಬಡತನವನ್ನೇ ನಿಯಮ ಮಾಡಿಕೊಂಡಿತು: ಎಲ್ಲ ಕಥೆಯೂ 9 ಎಂಬ ಸಂಖ್ಯೆಯ ಜಾಗಕ್ಕೆ ಹೇಗಾದರೂ ತಗಲಿಕೊಂಡಿರಬೇಕು. ಖರ್ಚೂ ಹಿಡಿತದಲ್ಲಿ, ಉಸಿರು ಕಟ್ಟುವ ವಾತಾವರಣವೂ ಬಿಟ್ಟಿ.

ಅವಧಿಯ ವಿಷಯದಲ್ಲಿ ‘ದಿ ಟ್ವೈಲೈಟ್ ಜೋನ್’ಗಿಂತ ಒಳ್ಳೆಯ ಪಾಠವಿಲ್ಲ. 1959ರಿಂದ 1964ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 156 ಕಂತು. ಅದರಲ್ಲಿ 92ನ್ನು ರಾಡ್ ಸರ್ಲಿಂಗ್ ಒಬ್ಬರೇ ಬರೆದರು. ಅರ್ಧ ಗಂಟೆಯ ಸರಣಿ ಅದು, ಜಾಹೀರಾತು ಕಳೆದರೆ ಸುಮಾರು 25 ನಿಮಿಷ. 1963ರ ನಾಲ್ಕನೆಯ ಸೀಸನ್‌ನಲ್ಲಿ ಅದನ್ನು ಒಂದು ಗಂಟೆಗೆ ಹಿಗ್ಗಿಸಿ 18 ಕಂತು ಮಾಡಿದರು, ಐದನೆಯ ಸೀಸನ್‌ಗೆ ಮತ್ತೆ ಅರ್ಧ ಗಂಟೆಗೇ ಬಂದರು. ಕಾರಣ ಸರಳ. ಇಂಥ ಕಥೆಗೆ ಇರುವುದು ಒಂದೇ ಎಳೆ. 25 ನಿಮಿಷದಲ್ಲಿ ಮೊದಲ ನಾಲ್ಕೈದು ನಿಮಿಷ ಮನುಷ್ಯನ ಪರಿಚಯ, ಆಮೇಲೆ ಒಂದು ವಿಚಿತ್ರ, ಅದು ಎರಡು ಸಲ ಬಿಗಿಯಾಗುವುದು, ಕೊನೆಯ ಎರಡು ನಿಮಿಷದಲ್ಲಿ ತಿರುವು. 50 ನಿಮಿಷ ಕೊಟ್ಟರೆ ನಡುಭಾಗದಲ್ಲಿ ಪಾತ್ರಗಳು ಗೊತ್ತಿದ್ದನ್ನೇ ಮತ್ತೆ ಮಾತಾಡುತ್ತವೆ. ಆ ಪುರುಸೊತ್ತಿನಲ್ಲಿ ನೋಡುವವರು ತಿರುವನ್ನು ಊಹಿಸಿ ಮುಗಿಸಿರುತ್ತಾರೆ. ಇವತ್ತು ಓಟಿಟಿಯಲ್ಲಿ ಅವಧಿಗೆ ಯಾರ ಕಟ್ಟುಪಾಡೂ ಇಲ್ಲ. ‘ಬ್ಲ್ಯಾಕ್ ಮಿರರ್’ ಎಂಬ ಆಂಥಾಲಜಿಯ ಮೂರನೆಯ ಸೀಸನ್‌ನ ಕೊನೆಯ ಕಂತು 89 ನಿಮಿಷ. ಕಡಿವಾಣ ಹಾಕುವವರಿಲ್ಲದಿರುವುದು ಬರಹಗಾರನಿಗೆ ಉಪಕಾರವೇನಲ್ಲ ಎಂಬುದು ನನ್ನ ಅಭಿಪ್ರಾಯ.

ಕಥೆಗಳನ್ನು ಪೋಣಿಸುವ ಕ್ರಮವೂ ಮುಖ್ಯ. 1945ರ ಬ್ರಿಟಿಷ್ ಚಿತ್ರ ‘ಡೆಡ್ ಆಫ್ ನೈಟ್’ನಲ್ಲಿ ಐದು ಕಥೆ, ನಾಲ್ವರು ನಿರ್ದೇಶಕರು. ನಾಲ್ಕನೆಯದು ಗಾಲ್ಫ್ ಆಡುವ ಇಬ್ಬರ ತಮಾಷೆ, ಐದನೆಯದು ಮಾತಾಡುವ ಗೊಂಬೆಯ ಭೀಕರ ಕಥೆ. ಗಾಲ್ಫ್ ಕಥೆ ಜಾಳು ಎಂದು ಬಯ್ಯುವವರೇ ಹೆಚ್ಚು. ಅಮೆರಿಕದ ಬಿಡುಗಡೆಯಲ್ಲಿ ಅದಕ್ಕೂ ಇನ್ನೊಂದು ಕಥೆಗೂ ಕತ್ತರಿ ಬಿತ್ತು. ಕೊನೆಯಲ್ಲಿ ಎಲ್ಲ ಕಥೆಗಳ ತುಣುಕುಗಳು ಒಂದಾಗಿ ಸುತ್ತುವ ಚಿತ್ರ ಅದು, ಕತ್ತರಿಸಿದ ಮೇಲೆ ಕೊಂಡಿ ತಪ್ಪಿತು. ಅದಕ್ಕಿಂತ ಹೆಚ್ಚಾಗಿ, ಗೊಂಬೆಯ ಮುಂಚೆ ಜನ ಸಡಿಲವಾಗುವ ಜಾಗವೇ ಹೋಯಿತು. ಖಾಲಿ ಕನ್ನಡಿ ಮಾಡುವ ಕೆಲಸವನ್ನೇ ಆ ಗಾಲ್ಫ್ ಕಥೆ ಮಾಡುತ್ತಿತ್ತು.

ಹಾಸ್ಯದವರ ಹತ್ತಿರ ಬರೋಣ. ಬಡ್ ಆಬಟ್ ಮತ್ತು ಲೂ ಕಾಸ್ಟೆಲೊ 1940ರ ದಶಕದ ಮೊದಲ ವರ್ಷಗಳಲ್ಲಿ ಹಾಲಿವುಡ್‌ಗೆ ದುಡ್ಡಿನ ಮಳೆ ಸುರಿಸಿದ ಜೋಡಿ. ದಶಕ ಮುಗಿಯುವ ಹೊತ್ತಿಗೆ ಗಿರಾಕಿ ಕಡಿಮೆಯಾಗಿತ್ತು. ಅವರನ್ನು ಎತ್ತಿ ನಿಲ್ಲಿಸಿದ್ದು ದೆವ್ವಗಳೇ. 1948ರಲ್ಲಿ ಯೂನಿವರ್ಸಲ್ ಸ್ಟುಡಿಯೋ ಅವರನ್ನು ಡ್ರಾಕುಲಾ, ತೋಳಮನುಷ್ಯ, ಫ್ರಾಂಕನ್‌ಸ್ಟೈನ್‌ನ ದೈತ್ಯನ ಜೊತೆ ಒಂದೇ ಚಿತ್ರದಲ್ಲಿ ಹಾಕಿತು. ಅದರಲ್ಲೊಂದು ದೃಶ್ಯ: ಕಾಸ್ಟೆಲೊ ಶವಪೆಟ್ಟಿಗೆಯ ಮೇಲೆ ಮೇಣದಬತ್ತಿ ಇಟ್ಟುಕೊಂಡಿದ್ದಾನೆ. ಮುಚ್ಚಳ ಮೆಲ್ಲಗೆ ಅಲುಗುತ್ತದೆ, ಬತ್ತಿ ಜರುಗುತ್ತದೆ. ಕಾಸ್ಟೆಲೊಗೆ ಕಂಡಿತು, ನಮಗೂ ಕಂಡಿತು. ಬಾಯಿಂದ ಮಾತು ಹೊರಡದೆ ಒದ್ದಾಡಿ ಗೆಳೆಯನನ್ನು ಕೂಗುತ್ತಾನೆ. ಗೆಳೆಯ ಬರುವಷ್ಟರಲ್ಲಿ ಎಲ್ಲ ತಣ್ಣಗೆ. ಮತ್ತೆ ಅವನು ಆ ಕಡೆ ಹೋದ, ಮತ್ತೆ ಮುಚ್ಚಳ ಅಲುಗಿತು. ಮೇಜಿನ ಕೆಳಗಿನ ಬಾಂಬಿನ ಲೆಕ್ಕ ಇದೇ, ಒಬ್ಬನಿಗೆ ಗೊತ್ತು, ಇನ್ನೊಬ್ಬನಿಗೆ ಗೊತ್ತಿಲ್ಲ. ಡ್ರಾಕುಲಾ ಆಗಿದ್ದ ಬೇಲಾ ಲುಗೋಸಿ ಒಂದು ಕ್ಷಣವೂ ಹಲ್ಲು ಕಿರಿಯದೆ ಗಂಭೀರವಾಗಿ ನಟಿಸಿದ್ದಕ್ಕೇ ಇದು ನಡೆಯಿತು. ದೆವ್ವವೂ ಕೋಡಂಗಿಯಾದರೆ ಕೋಡಂಗಿಗೆ ಕೆಲಸವೇ ಉಳಿಯುವುದಿಲ್ಲ.

ಚಿತ್ರ ಗೆದ್ದಿತು. ಆಮೇಲೆ ಆದದ್ದೇ ಅಧ್ವಾನ. 1951ರಲ್ಲಿ ಅದೃಶ್ಯ ಮನುಷ್ಯನನ್ನು ಭೇಟಿಯಾದರು, 1953ರಲ್ಲಿ ಜೆಕಿಲ್ ಮತ್ತು ಹೈಡ್‌ನನ್ನು, 1955ರಲ್ಲಿ ಮಮ್ಮಿಯನ್ನು. ಆ ಮೇಣದಬತ್ತಿಯ ಆಟವೇ 1941ರ ಅವರ ಇನ್ನೊಂದು ಚಿತ್ರದಿಂದ ಎತ್ತಿ ತಂದದ್ದು. ಇದರಲ್ಲಿ ಸೋಮಾರಿತನಕ್ಕಿಂತ ಕಸುಬಿನ ಹಳೆಯ ಲೆಕ್ಕವೇ ಹೆಚ್ಚು. ರಂಗದ ಮೇಲೆ ಊರೂರು ಸುತ್ತುತ್ತಿದ್ದ ಕಾಲದಲ್ಲಿ ಹತ್ತು ನಿಮಿಷದ ಒಂದು ಆಟವನ್ನು ವರ್ಷಗಟ್ಟಲೆ ಆಡಬಹುದಿತ್ತು, ಊರು ಬದಲಾದರೆ ಜನವೂ ಬದಲಾಗುತ್ತಿದ್ದರು. ರೇಡಿಯೋ, ಟೀವಿ ಬಂದು ಅದನ್ನು ಒಂದೇ ರಾತ್ರಿಯಲ್ಲಿ ದೇಶಕ್ಕೆಲ್ಲ ಬಡಿಸಿಬಿಟ್ಟವು. 1952ರಿಂದ 54ರವರೆಗೆ ಅವರ ಟೀವಿ ಕಾರ್ಯಕ್ರಮದ 52 ಕಂತುಗಳಲ್ಲಿ ಹಳೆಯ ಆಟಗಳ ಗೋದಾಮು ಬರಿದಾಯಿತು. 1957ರಲ್ಲಿ ಜೋಡಿ ಮುರಿಯಿತು.

ಇದಕ್ಕೆ ವಿರುದ್ಧದ ದಾರಿ ಹಿಡಿದವರು ವೇದಿಕೆಯ ಮೇಲೆ ಒಬ್ಬರೇ ನಿಂತು ನಗಿಸುತ್ತಿದ್ದ ಅಮೆರಿಕದ ಹಾಸ್ಯಗಾರ ಜಾರ್ಜ್ ಕಾರ್ಲಿನ್. 1977ರಿಂದ 2008ರವರೆಗೆ ಎಚ್‌ಬಿಒ ಟೀವಿ ವಾಹಿನಿಗೆ 14 ಕಾರ್ಯಕ್ರಮ. ಒಂದು ಪ್ರಸಾರವಾಯಿತೆಂದರೆ ಆ ಒಂದು ಗಂಟೆಯ ಸರಕನ್ನು ಪಕ್ಕಕ್ಕಿಟ್ಟು ಹೊಸದನ್ನು ಬರೆಯುವುದು. ಇದು ಹೇಳಿದಷ್ಟು ಸುಲಭವಲ್ಲ. ಜನ ಟಿಕೆಟ್ ಕೊಂಡು ಬಂದಿರುವುದು ಹಳೆಯ ಡೈಲಾಗಿಗೆ. ಹಾಡುಗಾರನಿಗೆ ಹಳೆಯ ಹಾಡು ಕೇಳಿದರೆ ಅದು ಬಹುಮಾನ, ಹಾಸ್ಯಗಾರನಿಗೆ ಹಳೆಯ ಜೋಕು ಕೇಳಿದರೆ ಅದು ಕುಣಿಕೆ. ನಟ ಮಂಕಾಗುತ್ತಿದ್ದಾನೆಂದು ತಿಳಿಯಬೇಕೆ? ಅವನು ವೇದಿಕೆಗೆ ಬಂದಾಗಿನ ಚಪ್ಪಾಳೆ ಎಷ್ಟು ಹೊತ್ತು, ಮೊದಲ ಹೊಸ ಜೋಕಿಗೆ ಬಂದ ನಗು ಎಷ್ಟು ಹೊತ್ತು ಎಂದು ಅಳೆದು ನೋಡಿ. ಇನ್ನೊಂದು ಗುರುತು, ಜನ ನಗುವ ಬದಲು ‘ಸರಿಯಾಗಿ ಹೇಳಿದ’ ಎಂದು ಚಪ್ಪಾಳೆ ತಟ್ಟಲು ಶುರು ಮಾಡುವುದು. ನಗು ತಡೆಯಲಾಗದೆ ಬರುತ್ತದೆ, ಚಪ್ಪಾಳೆ ಯೋಚಿಸಿ ಬರುತ್ತದೆ.

ಮಂಕಾದ ಹಾಸ್ಯನಟರಿಗೆ ಆಶ್ರಯ ಕೊಟ್ಟದ್ದೂ ಆಂಥಾಲಜಿಯೇ ಎಂಬುದು ಈ ಮೂರು ಎಳೆ ಸೇರುವ ಜಾಗ. ಒಂದೇ ಕಂತಿನ ಪಾತ್ರ, ಹಿಂದಿನ ಹೆಸರಿನ ಭಾರವಿಲ್ಲ, ಮುಂದಿನ ವಾರದ ಚಿಂತೆಯಿಲ್ಲ. 1930ರ ದಶಕದ ರೇಡಿಯೋ ಹಾಸ್ಯಗಾರ ಎಡ್ ವಿನ್‌ಗೆ ಗಂಭೀರ ನಟನೆಂಬ ಎರಡನೆಯ ಬಾಳು ಸಿಕ್ಕಿದ್ದು 1956ರಲ್ಲಿ, ಸರ್ಲಿಂಗ್ ಬರೆದ ನೇರಪ್ರಸಾರದ ಟೀವಿ ನಾಟಕವೊಂದರಲ್ಲಿ. 1959ರಲ್ಲಿ ಅವರು ‘ಟ್ವೈಲೈಟ್ ಜೋನ್’ಗೂ ಬಂದರು, ಸಾವಿನ ಜೊತೆ ಚೌಕಾಸಿ ಮಾಡುವ ಬೀದಿ ವ್ಯಾಪಾರಿಯಾಗಿ.

ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ಅದೇ ಸರಣಿಗೆ ಬಂದದ್ದು 1961ರ ಡಿಸೆಂಬರಿನಲ್ಲಿ, ಆಗ ಅವರಿಗೆ 66. ಮಾತಿನ ಚಿತ್ರ ಬಂದಾಗ ಕೀಟನ್‌ರನ್ನು ಕೆಡಿಸಿದ್ದು ಅವರ ಕಂಠವೆಂದು ಹೇಳುವವರಿದ್ದಾರೆ. ಕಂಠ ಚೆನ್ನಾಗಿಯೇ ಇತ್ತು. 1928ರಲ್ಲಿ ದೊಡ್ಡ ಸ್ಟುಡಿಯೋ ಸೇರಿ ತಮ್ಮ ತಂಡವನ್ನೂ ಸ್ವಾತಂತ್ರ್ಯವನ್ನೂ ಕಳೆದುಕೊಂಡದ್ದು ಒಂದು ಕಾರಣ. ಮೂಕಿ ಕಾಲದಲ್ಲಿ ಕ್ಯಾಮೆರಾವನ್ನು ಬೇಕೆಂದ ಹಾಗೆ ನಿಧಾನ ತಿರುಗಿಸಿ ಪರದೆಯ ಮೇಲೆ ಓಟಕ್ಕೆ ರೆಕ್ಕೆ ಕಟ್ಟಬಹುದಿತ್ತು. ಧ್ವನಿ ಬಂದ ಮೇಲೆ ವೇಗ 24 ಫ್ರೇಮಿಗೆ ಬಿಗಿಯಾಯಿತು. ಇದು ಇನ್ನೊಂದು. ಆ ಕಂತಿನ ಕಥೆ ಇದನ್ನೇ ಬಳಸಿಕೊಳ್ಳುತ್ತದೆ. ಕೀಟನ್ 1890ರ ಒಬ್ಬ ಕಸ ಗುಡಿಸುವವ. ಅಲ್ಲಿಯ ದೃಶ್ಯಗಳಿಗೆ ಮಾತಿಲ್ಲ, ಪಿಯಾನೋ ಮತ್ತು ಬರಹದ ಫಲಕಗಳಷ್ಟೇ. ಕಾಲಯಾನದ ಶಿರಸ್ತ್ರಾಣ ತೊಟ್ಟು ವರ್ತಮಾನಕ್ಕೆ ಬಂದು ಬಿದ್ದಾಗ ವಾಹನಗಳ ಗದ್ದಲ ಒಮ್ಮೆಗೇ ಕಿವಿಗೆ ಅಪ್ಪಳಿಸುತ್ತದೆ. ಹಳೆಯ ಕಾಲವೇ ಸ್ವರ್ಗವೆಂದು ನಂಬಿದ ವಾಚಾಳಿಯೊಬ್ಬ ಅವನ ಜೊತೆ 1890ಕ್ಕೆ ಹೋಗುತ್ತಾನೆ, ಅಲ್ಲಿ ಅದಿಲ್ಲ ಇದಿಲ್ಲ ಎಂದು ಗೊಣಗಲು ಶುರು ಮಾಡುತ್ತಾನೆ. ಫಲಕಗಳಲ್ಲೇ ಗೊಣಗಾಟ ಸಾಗುತ್ತದೆ. ಕೀಟನ್ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಆ ಶಿರಸ್ತ್ರಾಣವನ್ನು ಎತ್ತಿ ವಾಚಾಳಿಯ ತಲೆಗೇ ತೊಡಿಸಿ ಅವನನ್ನು ಅವನ ಕಾಲಕ್ಕೆ ಅಟ್ಟಿಬಿಡುತ್ತಾನೆ. ಪಿಯಾನೋ ಮಾತ್ರ ಕೇಳುತ್ತಿರುತ್ತದೆ.

ನಮಸ್ಕಾರ.