ಸ್ನೋ ವೈಟ್‌ಗೆ ದನಿ ಕೊಟ್ಟ ಏಡ್ರಿಯಾನಾ

ಎಲ್ಲರಿಗೂ ನಮಸ್ಕಾರ.

ಈಗ ನೀವು ಸ್ಪೀಕರಿನಲ್ಲಿ ಕೇಳಿದ ಹಾಡು 1937ರ 'ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್' ಅನ್ನುವ ಡಿಸ್ನಿ ಕಾರ್ಟೂನ್ ಚಿತ್ರದ್ದು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪರವಾಗಿಲ್ಲ, ಇವತ್ತಿನ ಕಿವಿಗೆ ಆ ದನಿ ಸ್ವಲ್ಪ ವಿಚಿತ್ರವೇ. ತುಂಬಾ ಮೇಲಿನ ಶ್ರುತಿ, ಸಣ್ಣಗೆ ನಡುಗುವ ಗಂಟಲು. ಮಾತಾಡುವಾಗಲೂ ಇನ್ನೇನು ಹಾಡಿಬಿಡ್ತಾಳೆ ಅನ್ನಿಸುತ್ತೆ. ಆ ಗಂಟಲು ಯಾರದ್ದು ಅಂತ ಚಿತ್ರದ ಟೈಟಲ್ ಕಾರ್ಡಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವತ್ತು ಅವರ ಬಗ್ಗೆಯೇ ಮಾತಾಡೋಣ. ಹೆಸರು ಏಡ್ರಿಯಾನಾ ಕ್ಯಾಸೆಲಾಟಿ.

ಹುಟ್ಟಿದ್ದು 1916ರಲ್ಲಿ, ಅಮೆರಿಕದ ಬ್ರಿಜ್‌ಪೋರ್ಟ್ ಊರಿನಲ್ಲಿ. ಇಟಲಿಯಿಂದ ಬಂದು ನೆಲೆಸಿದ ಮನೆತನ. ಅಪ್ಪ ಗ್ವೀಡೋ ಸಂಗೀತದ ಮೇಷ್ಟ್ರು. ಅಮ್ಮನೂ ಆಪೆರಾ ಹಾಡಿದವರು. ಅಕ್ಕ ಲೂಯಿಸ್ ಮುಂದೆ ಹೆಸರಾಂತ ಆಪೆರಾ ಗಾಯಕಿ ಮರಿಯಾ ಕ್ಯಾಲಾಸ್ ಅವರಿಗೇ ಕೆಲಕಾಲ ಪಾಠ ಹೇಳಿದರು ಅಂದ ಮೇಲೆ ಮನೆ ಎಂಥದ್ದು ಅಂತ ಊಹಿಸಿಕೊಳ್ಳಿ.

ಲಾಸ್ ಏಂಜಲಿಸ್‌ನಲ್ಲಿದ್ದ ಆ ಮನೆಗೆ ಒಂದು ದಿನ ಡಿಸ್ನಿ ಸ್ಟುಡಿಯೋದಿಂದ ಫೋನ್ ಬಂತು. ಚಿಕ್ಕ ಹುಡುಗಿಯ ಹಾಗೆ ಮಾತಾಡಬೇಕು, ಹಾಡೋದೂ ಚೆನ್ನಾಗಿ ಬರಬೇಕು, ನಿಮ್ಮ ಶಿಷ್ಯೆಯರಲ್ಲಿ ಅಂಥವರು ಯಾರಾದರೂ ಇದ್ದಾರಾ ಅಂತ ಗ್ವೀಡೋ ಅವರನ್ನು ಕೇಳಿದರು. ಮನೆಯಲ್ಲಿದ್ದ ಇನ್ನೊಂದು ರಿಸೀವರ್ ಎತ್ತಿಕೊಂಡು ಮಗಳು ಕದ್ದು ಕೇಳುತ್ತಿದ್ದಳು. ಸುಮ್ನೆ ಇರಲಾಗಲಿಲ್ಲ. ಮಧ್ಯೆ ಬಾಯಿ ಹಾಕಿ, ಫೋನಿನಲ್ಲೇ ಹಾಡಿ ತೋರಿಸಿದಳು. ಆಗಿನ್ನೂ ಹದಿನೆಂಟು-ಹತ್ತೊಂಬತ್ತರ ಹುಡುಗಿ. ಈ ಕಥೆಯನ್ನು ಏಡ್ರಿಯಾನಾ ವಯಸ್ಸಾದ ಮೇಲೂ ಖುಷಿಯಿಂದ ಹೇಳುತ್ತಿದ್ದರು.

ಧ್ವನಿ ಪರೀಕ್ಷೆ ನಡೆಯುವಾಗ ಸ್ಟುಡಿಯೋದ ಯಜಮಾನ ವಾಲ್ಟ್ ಡಿಸ್ನಿ ಹಾಡುವವರ ಮುಖ ನೋಡುತ್ತಿರಲಿಲ್ಲವಂತೆ. ಮರೆಯಲ್ಲಿ ಕೂತು ದನಿ ಮಾತ್ರ ಕೇಳುವುದು. ಮುಖ ಚೆನ್ನಾಗಿದೆ ಅಂತ ಕಿವಿ ಮೋಸಹೋಗಬಾರದಲ್ವಾ? ಡಿಯಾನಾ ಡರ್ಬಿನ್ ಕೂಡ ಹಾಡಿದ್ದರು. ಮುಂದೆ ದೊಡ್ಡ ತಾರೆಯಾದವರು. ಆಗ ಆಕೆಗೆ ಹದಿಮೂರು-ಹದಿನಾಲ್ಕು ವರ್ಷ. ಆದರೆ ದನಿ ದೊಡ್ಡವರ ಹಾಗಿದೆ ಅಂತ ಬೇಡ ಅಂದರು. ಆಕೆಗಿಂತ ನಾಲ್ಕೈದು ವರ್ಷ ದೊಡ್ಡವರಾದ ಏಡ್ರಿಯಾನಾ ದನಿ ಚಿಕ್ಕದಾಗಿ ಕೇಳಿಸಿತು. ಕೆಲಸ ಸಿಕ್ಕಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ನಮ್ಮಲ್ಲಿ ಕಂಠದಾನ ಅಂದರೆ ಮೊದಲು ಚಿತ್ರ, ಆಮೇಲೆ ದನಿ. ಪರದೆ ಮೇಲೆ ನಾಯಕಿ ತುಟಿ ಆಡಿಸುತ್ತಾಳೆ, ಡಬ್ಬಿಂಗ್ ಕಲಾವಿದೆ ಅದಕ್ಕೆ ಸರಿಯಾಗಿ ಮಾತು ಕೂರಿಸುತ್ತಾರೆ. ಡಿಸ್ನಿಯಲ್ಲಿ ಇದು ಉಲ್ಟಾ. ದನಿಯನ್ನು ಮೊದಲೇ ರೆಕಾರ್ಡ್ ಮಾಡುತ್ತಿದ್ದರು. ಒಂದು ಸೆಕೆಂಡಿಗೆ 24 ಫ್ರೇಮು. ಯಾವ ಅಕ್ಷರ ಯಾವ ಫ್ರೇಮಿನಲ್ಲಿ ಬೀಳುತ್ತೆ, ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಎಲ್ಲವನ್ನೂ ಒಂದು ಶೀಟಿನಲ್ಲಿ ಗುರುತು ಹಾಕಿ ಚಿತ್ರಕಾರರಿಗೆ ಕೊಡುತ್ತಿದ್ದರು. ಅದನ್ನು ಮುಂದಿಟ್ಟುಕೊಂಡು ಅವರು ಬಾಯಿ ಬರೆಯಬೇಕು. ಅಂದರೆ ಏಡ್ರಿಯಾನಾ ಒಂದು ಪದವನ್ನು ಕೊಂಚ ಎಳೆದರೆ, ಸ್ನೋ ವೈಟ್ ತುಟಿಗೆ ನಾಲ್ಕು ಚಿತ್ರ ಜಾಸ್ತಿ.

ಮೈಯ ಚಲನೆ ಮಾತ್ರ ಇನ್ನೊಬ್ಬರದ್ದು. ಮಾರ್ಜೊರಿ ಬೆಲ್ಚರ್ ಅನ್ನುವ ಹದಿಹರೆಯದ ನರ್ತಕಿ ಕ್ಯಾಮೆರಾ ಮುಂದೆ ಓಡಿದರು, ಕುಣಿದರು, ಲಂಗ ಬೀಸಿದರು. ಆ ಫಿಲ್ಮ್ ನೋಡಿಕೊಂಡು ಚಿತ್ರ ಬರೆದರು. ಇಬ್ಬರು ಹುಡುಗಿಯರು, ಒಂದಷ್ಟು ಪೆನ್ಸಿಲ್ಲು ಸೇರಿ ಒಬ್ಬ ರಾಜಕುಮಾರಿ ಆದಳು.

ಭಾವಿಯ ದೃಶ್ಯ ನೆನಪಿಸಿಕೊಳ್ಳಿ. ಹರಕು ಬಟ್ಟೆಯಲ್ಲಿ ಸ್ನೋ ವೈಟ್ ಮೆಟ್ಟಿಲು ತಿಕ್ಕುತ್ತಿದ್ದಾಳೆ. ನೀರು ಸೇದಲು ಬಂದವಳು ಪಾರಿವಾಳಗಳಿಗೆ ಒಂದು ಗುಟ್ಟು ಹೇಳುತ್ತಾಳೆ: ಇದು ಬೇಡಿದ್ದನ್ನು ಕೊಡುವ ಭಾವಿ, ದನಿ ತಿರುಗಿ ಬಂದರೆ ಬಯಸಿದ್ದು ಬೇಗ ಆಗುತ್ತೆ. ಆಮೇಲೆ ಬಗ್ಗಿ ಒಂದು ಸಾಲು ಹಾಡುತ್ತಾಳೆ. ಒಳಗಿನಿಂದ ಅದೇ ಸಾಲು ಬರುತ್ತೆ. ಕ್ಯಾಮೆರಾ ಭಾವಿಯೊಳಗೆ ಇಳಿದು, ನೀರಿನ ಕೆಳಗಿನಿಂದ ಮೇಲೆ ನೋಡುತ್ತೆ. ಅಲೆ ಎದ್ದಾಗ ಅವಳ ಮುಖ ಕದಡುತ್ತೆ, ಮತ್ತೆ ಕೂಡಿಕೊಳ್ಳುತ್ತೆ. ಗಮನಿಸಿ, ಇಲ್ಲಿ ಏಡ್ರಿಯಾನಾ ತಮ್ಮ ಜೊತೆಗೇ ಯುಗಳಗೀತೆ ಹಾಡುತ್ತಿದ್ದಾರೆ. ಮೊದಲ ದನಿ ಆಸೆಯದ್ದು, ಎರಡನೆಯದಕ್ಕೆ ಯಾವ ಭಾವನೆಯೂ ಇರಬಾರದು, ಕಲ್ಲಿಗೆ ಬಡಿದು ಬಂದ ಹಾಗಿರಬೇಕು. ಮಧ್ಯೆ ತಟಕ್ಕನೆ ಗಂಡಸಿನ ದನಿ ಸೇರುತ್ತೆ. ಅದು ರಾಜಕುಮಾರ, ಅಂದರೆ ಹ್ಯಾರಿ ಸ್ಟಾಕ್‌ವೆಲ್. ಹುಡುಗಿ ಬೆಚ್ಚಿ ಮನೆಯೊಳಗೆ ಓಡುತ್ತಾಳೆ. ನನ್ನ ಪ್ರಕಾರ ಇಡೀ ಚಿತ್ರದಲ್ಲಿ ದನಿಯಿಂದಲೇ ನಿಂತ ದೃಶ್ಯ ಇದು.

ಉಳಿದ ದನಿಗಳ ಬಗ್ಗೆ ಇನ್ನೊಂದು ಉಪನ್ಯಾಸವೇ ಬೇಕು. ಕೆಟ್ಟ ರಾಣಿ, ಅವಳು ವೇಷ ಬದಲಿಸಿ ಆಗುವ ಮುದುಕಿ ಎರಡಕ್ಕೂ ಮಾತಾಡಿದವರು ಲೂಸಿಲ್ ಲಾ ವರ್ನ್. ಮುದುಕಿಯ ಮಾತಿಗೆ ಅವರು ತಮ್ಮ ಕಟ್ಟಿಸಿದ ಹಲ್ಲು ತೆಗೆದಿಟ್ಟು ಬಂದರು ಅನ್ನುವ ಕಥೆ ಇದೆ. ಏಳು ಕುಳ್ಳರಲ್ಲಿ ಡೋಪಿ ಮಾತೇ ಆಡುವುದಿಲ್ಲ, ಅವನ ಮಾತಿಗೆ ಖರ್ಚೇ ಇಲ್ಲ.

ಖರ್ಚಿನ ಮಾತಿಗೆ ಬರೋಣ. ಏಡ್ರಿಯಾನಾಗೆ ದಿನಕ್ಕೆ 20 ಡಾಲರ್. ಒಟ್ಟು ಸಿಕ್ಕಿದ್ದು 970 ಡಾಲರ್. ಕೆಲಸ ಒಂದೆರಡು ವರ್ಷ ಬಿಟ್ಟು ಬಿಟ್ಟು ನಡೆದರೂ, ಭಾಗಿಸಿದರೆ ಐವತ್ತು ದಿನದ ಕೂಲಿಯೂ ಆಗುವುದಿಲ್ಲ. ಆರ್ಥಿಕ ಕುಸಿತದ ಆ ಕಾಲಕ್ಕೆ ದಿನಕ್ಕೆ 20 ಡಾಲರ್ ಕೆಟ್ಟ ಸಂಬಳ ಅಲ್ಲ, ಅದನ್ನೂ ಹೇಳಬೇಕು. ಆದರೆ ಚಿತ್ರ ಮೊದಲ ಬಿಡುಗಡೆಯಲ್ಲೇ ಸುಮಾರು 80 ಲಕ್ಷ ಡಾಲರ್ ತಂದಿತು.

ತಾವು ಹಾಡಿದ್ದು ಹತ್ತು-ಹನ್ನೆರಡು ನಿಮಿಷದ ಕಾರ್ಟೂನಿಗೆ ಅಂತಲೇ ಅವರು ತಿಳಿದಿದ್ದರಂತೆ. 83 ನಿಮಿಷದ ಚಿತ್ರ ಅಂತ ಗೊತ್ತಾಗಿದ್ದು ಪ್ರೀಮಿಯರ್ ದಿನ. 1937ರ ಡಿಸೆಂಬರ್ 21, ಕಾರ್ತೇ ಸರ್ಕಲ್ ಥಿಯೇಟರ್. ಏಡ್ರಿಯಾನಾ, ಸ್ಟಾಕ್‌ವೆಲ್ ಇಬ್ಬರ ಕೈಯಲ್ಲೂ ಟಿಕೆಟ್ ಇರಲಿಲ್ಲ. ನಾನೇ ಸ್ನೋ ವೈಟ್, ಇವರೇ ರಾಜಕುಮಾರ ಅಂದರೂ ಬಾಗಿಲಲ್ಲಿ ಬಿಡಲಿಲ್ಲ. ಕಣ್ಣುತಪ್ಪಿಸಿ ಬಾಲ್ಕನಿಗೆ ನುಗ್ಗಿ ನೋಡಿದರು. ಇದೂ ಅವರೇ ಹೇಳಿಕೊಂಡ ಕಥೆ, ಸ್ವಲ್ಪ ಒಗ್ಗರಣೆ ಬಿದ್ದಿರಬಹುದು. ಪರದೆ ಮೇಲೆ ಸಿಬ್ಬಂದಿಗೆ ವಾಲ್ಟ್ ಕೃತಜ್ಞತೆ ಹೇಳಿದ ಕಾರ್ಡ್ ಬಂತು. ಚಿತ್ರಕಾರರ ಹೆಸರು ಬಂತು, ಕಥೆ ಬರೆದವರದ್ದು ಬಂತು. ದನಿ ಕೊಟ್ಟ ಒಬ್ಬರದ್ದೂ ಬರಲಿಲ್ಲ.

1938ರಲ್ಲಿ ಚಿತ್ರದ ಹಾಡುಗಳ ರೆಕಾರ್ಡ್ ಮಾರಾಟವಾಗತೊಡಗಿತು. ಅದರಲ್ಲಿ ಪಾಲು ಕೊಡಿ ಅಂತ ಇಬ್ಬರೂ ಕೋರ್ಟಿಗೆ ಹೋದರು. ಸೋತರು. ಇದರ ಪಕ್ಕದಲ್ಲಿ ಪೆಗ್ಗಿ ಲೀ ಅವರ ಕೇಸ್ ಇಟ್ಟು ನೋಡಿ. 1955ರ 'ಲೇಡಿ ಅಂಡ್ ದಿ ಟ್ರ್ಯಾಂಪ್' ಚಿತ್ರಕ್ಕೆ ಹಾಡು ಬರೆದು, ನಾಲ್ಕು ಪಾತ್ರಕ್ಕೆ ದನಿ ಕೊಟ್ಟವರು. ಜನರಿಗೆ ಮಾರುವ ಧ್ವನಿಮುದ್ರಣದ ಹಕ್ಕು ತನಗೆ ಅಂತ ಅವರ ಕರಾರಿನಲ್ಲಿ ಒಂದು ಸಾಲಿತ್ತು. ವಿಡಿಯೋ ಕ್ಯಾಸೆಟ್ ಬಂದಾಗ ಆ ಸಾಲು ಹಿಡಿದುಕೊಂಡು 1988ರಲ್ಲಿ ದಾವೆ ಹಾಕಿದರು. ಗೆದ್ದರು. 20 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ. ಪೆಗ್ಗಿ ಲೀ ಆಗಲೇ ಹೆಸರಾಂತ ಗಾಯಕಿ, ಕರಾರು ಬರೆಸಿಕೊಳ್ಳುವ ತಾಕತ್ತಿತ್ತು. ಪಾಠದ ಮೇಷ್ಟ್ರ ಮಗಳಿಗೆ ಎಲ್ಲಿಂದ ಬರಬೇಕು?

ಆಮೇಲೆ ರೇಡಿಯೋದ ಹಾಸ್ಯಗಾರ ಜ್ಯಾಕ್ ಬೆನ್ನಿ ತಮ್ಮ ಕಾರ್ಯಕ್ರಮಕ್ಕೆ ಏಡ್ರಿಯಾನಾರನ್ನು ಕರೆದರಂತೆ. ಆ ದನಿ ಬೇರೆಲ್ಲೂ ಕೇಳಿಸಬಾರದು, ಸ್ನೋ ವೈಟ್ ಭ್ರಮೆ ಹಾಳಾಗುತ್ತೆ ಅಂತ ವಾಲ್ಟ್ ಒಪ್ಪಲಿಲ್ಲ ಅಂತ ಅವರು ಹೇಳುತ್ತಿದ್ದರು. ವಾಲ್ಟ್ ಏಡ್ರಿಯಾನಾರ ಬದುಕನ್ನೇ ಹಾಳುಮಾಡಿದರು ಅಂತ ಇದನ್ನೇ ಹಿಡಿದು ಬರೆಯುವವರಿದ್ದಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. ಅಷ್ಟೊಂದು ಗುರುತು ಸಿಗುವ ದನಿಗೆ ಯಾರೂ ತಡೆಯದಿದ್ದರೂ ಬೇರೆ ಪಾತ್ರ ಸಿಗುವುದು ಕಷ್ಟವೇ. ಏಡ್ರಿಯಾನಾ ಕೂಡ ಮುನಿಸಿಕೊಂಡು ದೂರ ಕೂತವರಲ್ಲ. ಚಿತ್ರ ಮತ್ತೆ ಮತ್ತೆ ಬಿಡುಗಡೆಯಾದಾಗ ಪ್ರಚಾರಕ್ಕೆ ಬಂದರು. ವಯಸ್ಸಾದ ಮೇಲೆ ಡಿಸ್ನಿಲ್ಯಾಂಡ್ ಪಾರ್ಕಿನ ಸ್ನೋ ವೈಟ್ ಭಾವಿಗೆ ಅದೇ ಹಾಡನ್ನು ಇನ್ನೊಮ್ಮೆ ಹಾಡಿಕೊಟ್ಟರು. 1994ರಲ್ಲಿ ಡಿಸ್ನಿ ಸಂಸ್ಥೆ ಅವರಿಗೆ 'ಡಿಸ್ನಿ ಲೆಜೆಂಡ್' ಗೌರವ ಕೊಟ್ಟಿತು. 1997ರಲ್ಲಿ ತೀರಿಕೊಂಡರು, ಎಂಬತ್ತು ವರ್ಷ.

ಈಗ ಇನ್ನೊಂದು ತುಣುಕು ಹಾಕುತ್ತೇವೆ. 1939ರ 'ದಿ ವಿಜರ್ಡ್ ಆಫ್ ಆಜ್', ತಗಡಿನ ಮನುಷ್ಯನ ಹಾಡು. ಹಾಡಿನ ನಡುವೆ ಕಾಣದ ಹೆಣ್ಣುದನಿಯೊಂದು ರೋಮಿಯೋನನ್ನು ಕೂಗುತ್ತೆ. ಒಂದೇ ಒಂದು ಸಾಲು. ಯಾರದ್ದು ಅಂತ ನಾನು ಹೇಳುವುದಿಲ್ಲ, ಕೇಳಿ ನೀವೇ ಹೇಳಿ. ಪ್ರಶ್ನೆಗಳು ಆಮೇಲೆ.