ಫಿಜಿಯಲ್ಲಿ ಹುಟ್ಟಿ ಕಾರ್ಕ್ ತಂಡದ ನಾಯಕನಾದವರು

ಕೇಳುಗರೇ, ನಮಸ್ಕಾರ.

ಐರ್ಲೆಂಡಿನ ಹರ್ಲಿಂಗ್ ಆಟ ನೋಡಿದ್ದೀರಾ? ತಂಡಕ್ಕೆ 15 ಜನ. ಕೈಯಲ್ಲಿ ಆ್ಯಶ್ ಮರದ ಕೋಲು, ಅದರ ತುದಿ ಬಾಗಿ ಅಗಲವಾಗಿರುತ್ತದೆ. ಚರ್ಮದ ಪುಟ್ಟ ಚೆಂಡನ್ನು ಆ ತುದಿಯ ಮೇಲೆ ಕೂರಿಸಿಕೊಂಡೇ ಓಡುತ್ತಾರೆ! ಚೆಂಡು ಬಲೆಗೆ ಬಿದ್ದರೆ 3 ಪಾಯಿಂಟ್, ಅಡ್ಡಪಟ್ಟಿಯ ಮೇಲಿಂದ ಹಾರಿದರೆ 1. ಅಲ್ಲಿ ಮಕ್ಕಳು ಸರಿಯಾಗಿ ನಡೆಯೋಕೆ ಮುಂಚೆಯೇ ಕೋಲು ಹಿಡಿಯುತ್ತಾರೆ.

ಈ ಆಟದಲ್ಲಿ ಹೆಸರು ಮಾಡಿದ ಶಾನ್ ಓಗ್ ಓ ಹಾಲ್ಪೀನ್ ಹಾಗೆ ಬೆಳೆದವರಲ್ಲ. ತಂದೆ ಉತ್ತರ ಐರ್ಲೆಂಡಿನ ಫರ್ಮಾನಾ ಕೌಂಟಿಯವರು (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಹಾಗೆ), ತಾಯಿ ಫಿಜಿಯ ರೊಟೂಮಾ ದ್ವೀಪದವರು. 1977ರಲ್ಲಿ ಫಿಜಿಯಲ್ಲಿ ಹುಟ್ಟಿ, ಸಿಡ್ನಿಯಲ್ಲಿ ಬೆಳೆದ ಹುಡುಗ 1988ರಲ್ಲಿ ಮನೆಯವರ ಜೊತೆ ಐರ್ಲೆಂಡಿನ ಕಾರ್ಕ್ ನಗರಕ್ಕೆ ಬಂದ. ಐರಿಷ್ ಭಾಷೆ ಬರುತ್ತಿರಲಿಲ್ಲ, ಹರ್ಲಿಂಗೂ ಹೊಸದು. ನಾರ್ತ್ ಮನ್ಯಾಸ್ಟರಿ ಶಾಲೆಯಲ್ಲಿ, ನಾ ಪೀರ್ಸಿ ಕ್ಲಬ್ಬಿನಲ್ಲಿ ಎರಡನ್ನೂ ಹಟ ಹಿಡಿದು ಕಲಿತ.

ಕೌಂಟಿ ತಂಡಗಳು ಸೆಣಸುವ ದೊಡ್ಡ ಪಂದ್ಯಾವಳಿಯೇ ಆಲ್ ಐರ್ಲೆಂಡ್. 1999ರಲ್ಲಿ ಅದರ ಫೈನಲ್‌ನಲ್ಲಿ ಕಾರ್ಕ್ ಹರ್ಲಿಂಗ್ ತಂಡ ಕಿಲ್ಕೆನಿ ಕೌಂಟಿಯನ್ನು 13-12ರಿಂದ ಸೋಲಿಸಿತು. ಅದೇ ತಿಂಗಳು ಓ ಹಾಲ್ಪೀನ್ ಐರ್ಲೆಂಡಿನದೇ ಇನ್ನೊಂದು ಆಟವಾದ ಗೇಲಿಕ್ ಫುಟ್‌ಬಾಲ್‌ನ ಫೈನಲ್ ಕೂಡ ಕಾರ್ಕ್ ಪರ ಆಡಿದರು. ಅದರಲ್ಲಿ ಎದುರಾಳಿ ಮೀತ್ ಕೌಂಟಿ ಗೆದ್ದಿತು. ಒಂದೇ ವರ್ಷ ಎರಡು ಆಟದ ಫೈನಲ್ ಅಂದ್ರೆ ಸುಮ್ನೆನಾ?

2001ರಲ್ಲಿ ಕಾರು ಅಪಘಾತ. ಮಂಡಿಗೆ ಭಾರಿ ಪೆಟ್ಟು. ಅವರು ಆಡುತ್ತಿದ್ದದ್ದು ಹಾಫ್ ಬ್ಯಾಕ್ ಅನ್ನುವ ರಕ್ಷಣಾ ಜಾಗದಲ್ಲಿ. ಅಲ್ಲಿ ಎದುರಾಳಿಯ ಬೆನ್ನಿಗೇ ಓಡಬೇಕು, ಎತ್ತರದಿಂದ ಬೀಳುವ ಚೆಂಡಿಗೆ ಕೋಲುಗಳ ನಡುವೆಯೇ ಕೈಚಾಚಿ ಜಿಗಿಯಬೇಕು. ಮಂಡಿ ಹೋದರೆ ಏನು ಉಳಿಯಿತು? ಆದರೂ ಮತ್ತೆ ಅಂಗಳಕ್ಕಿಳಿದರು. 2004ರಲ್ಲಿ ಕಾರ್ಕ್ ಗೆದ್ದಾಗ ವರ್ಷದ ಅತ್ಯುತ್ತಮ ಹರ್ಲಿಂಗ್ ಆಟಗಾರ ಅವರೇ. ನನಗೆ ಅವರ ಮೂರು ಆಲ್ ಐರ್ಲೆಂಡ್ ಪದಕಗಳಿಗಿಂತ ಈ ವಾಪಸಾತಿಯೇ ದೊಡ್ಡದಾಗಿ ಕಾಣುತ್ತದೆ.

ಇದೆಲ್ಲ ಸಂಬಳಕ್ಕಲ್ಲ, ಕೇಳುಗರೇ. ಹರ್ಲಿಂಗ್ ಆಟಗಾರರಿಗೆ ಆಡಿದ್ದಕ್ಕೆ ಸಂಬಳವಿಲ್ಲ. ಇವರೂ ಬ್ಯಾಂಕಿನಲ್ಲಿ ದುಡಿಯುತ್ತಲೇ ಆಡಿದವರು.

2005ರಲ್ಲಿ ಅವರೇ ನಾಯಕ. ಗಾಲ್ವೇ ವಿರುದ್ಧ ಗೆಲುವು. ಡಬ್ಲಿನ್ನಿನ ಕ್ರೋಕ್ ಪಾರ್ಕ್‌ನಲ್ಲಿ ಆಲ್ ಐರ್ಲೆಂಡ್ ಹರ್ಲಿಂಗ್ ಗೆದ್ದವರಿಗೆ ಕೊಡುವ ಲಿಯಾಮ್ ಮೆಕಾರ್ಥಿ ಕಪ್ ಎತ್ತಿ ಹಿಡಿದು ಐರಿಷ್ ಭಾಷೆಯಲ್ಲೇ ಭಾಷಣ ಮಾಡಿದರು. ಅಲ್ಲೇ ಹುಟ್ಟಿ ಬೆಳೆದ ಎಷ್ಟೋ ಜನಕ್ಕೇ ಅದು ಅಷ್ಟು ಸರಾಗವಾಗಿ ಬರುವುದಿಲ್ಲ. ಆ ಊರಿನವನಾಗೋಕೆ ಇನ್ನೇನು ಬೇಕು ಹೇಳಿ!

2010ರಲ್ಲಿ ಅವರನ್ನು ತಂಡದಿಂದ ಕೈಬಿಟ್ಟರು. 2012ರಲ್ಲಿ ತಂಡದ ಮ್ಯಾನೇಜರ್ ಜಿಮ್ಮಿ ಬ್ಯಾರಿ ಮರ್ಫಿ ಮತ್ತೆ ಕರೆಸಿಕೊಂಡರು. 1999ರ ಗೆಲುವಿನ ಹೊತ್ತಿಗೆ ತಂಡ ನಡೆಸಿದವರೂ ಅವರೇ. 2012ರಲ್ಲಿ ಓ ಹಾಲ್ಪೀನ್‌ಗೆ 35 ವರ್ಷ. ಆ ವರ್ಷ ಕಾರ್ಕ್ ಸೆಮಿಫೈನಲ್‌ವರೆಗೆ ಹೋಗಿ ಗಾಲ್ವೇಗೆ ಸೋತಿತು. ಅದೇ ವರ್ಷ ಅವರು ನಿವೃತ್ತರಾದರು, ಕಾರ್ಕ್ ಜೆರ್ಸಿ ತೊಟ್ಟ ಆಟಗಾರನಾಗಿಯೇ.

ನಮಸ್ಕಾರ.