ಕರಿಯ ಕೌದಿ ಮೇಲೆ ಉಚ್ಚೆ ಹೊಯ್ದಿದ್ದು ಯಾಕೆ? | ನಮ್ಮ ಬೆಕ್ಕಿನ ಲಿಟರ್ ಟ್ರೇ ವ್ಲಾಗ್

ನಮಸ್ಕಾರ ಎಲ್ಲರಿಗೂ. ಭಾನುವಾರ, ಇನ್ನೂ ಬೆಳಿಗ್ಗೆ ಏಳು ಗಂಟೆ. ಕರಿಯ ಆಗಲೇ ಕ್ಯಾಮೆರಾ ಮುಂದೆ ಬಂದು ಕೂತಿದ್ದಾನೆ. ಅವನ ಹಿಂದೆ ತಂತಿ ಮೇಲೆ ಒಣಗುತ್ತಿದೆಯಲ್ಲ, ಇವತ್ತಿನ ಕಥೆ ಆ ಕೌದಿಯದ್ದೇ.

ಅದನ್ನು ಹೊಲಿದದ್ದು ನಮ್ಮಜ್ಜಿ. ನಾನು ಧಾರವಾಡ ಬಿಟ್ಟು ಬೆಂಗಳೂರಿಗೆ ಬರುವಾಗ ಅವ್ವ ಕೊಟ್ಟು ಕಳಿಸಿದಳು. ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಈ ಹಸಿರು ತುಂಡು ಅಜ್ಜಿಯ ಇಳಕಲ್ ಸೀರೆಯದ್ದು. ಪಕ್ಕದ ಗೆರೆಯದ್ದು ಅಜ್ಜನ ಅಂಗಿ. ಇದರ ಮೇಲೆ ಕರಿಯ ಸಾಲಾಗಿ ಮೂರು ದಿನ ಉಚ್ಚೆ ಹೊಯ್ದ. ನೀರು ಕುಡಿದ ಕೌದಿ ಎಷ್ಟು ಭಾರ ಅಂತ ಒಗೆದವರಿಗೇ ಗೊತ್ತು. ಮೂರು ಸಲ ಒಗೆದೆ, ತೋಳು ಬಿದ್ದುಹೋಯಿತು. ಬಿಸಿಲಲ್ಲಿ ವಾಸನೆ ಇಲ್ಲ, ರಾತ್ರಿ ತಂಪಾದ ಕೂಡಲೇ ಮತ್ತೆ ಗಬ್ಬು! ಬೆಕ್ಕಿನ ಉಚ್ಚೆಯಲ್ಲಿ ಯೂರಿಕ್ ಆಸಿಡ್ ಇರುತ್ತದೆ. ಅದು ನೀರಿಗೆ ಸುಲಭವಾಗಿ ಕರಗುವುದಿಲ್ಲ, ಹರಳಾಗಿ ನೂಲಿನಲ್ಲೇ ಕೂರುತ್ತದೆ, ತೇವ ತಗುಲಿದರೆ ಮತ್ತೆ ನಾರುತ್ತದೆ. ಕೊನೆಗೆ ಆ ಹರಳನ್ನು ಒಡೆಯುವ ಎನ್ಸೈಮ್ ಕ್ಲೀನರ್ ತಂದು ರಾತ್ರಿಯಿಡೀ ನೆನೆಸಿಟ್ಟೆ. ಆಮೇಲೇ ಹೋಯಿತು.

ಅವ್ವ ಫೋನಿನಲ್ಲಿ "ಫಿನಾಯಿಲ್ ಹಾಕಿ ತೊಳದ್ಬಿಡವಾ" ಅಂದಳು. ಬೇಡವೇ ಬೇಡ. ಅದು ಪಾದಕ್ಕೆ ಅಂಟುತ್ತದೆ, ಬೆಕ್ಕು ಪಾದ ನೆಕ್ಕುತ್ತದೆ. ಫಿನಾಯಿಲ್‌ನಲ್ಲಿರುವ ಫೀನಾಲ್ ಅಂಶ ಹೊಟ್ಟೆಗೆ ಹೋದರೆ ಅದನ್ನು ಸರಿಯಾಗಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ.

ಬೆಕ್ಕು ಸೇಡು ತೀರಿಸಿಕೊಳ್ಳುತ್ತದೆ ಅನ್ನುವವರು ತುಂಬಾ ಜನ. ಈ ಮಾತು ನನಗೆ ಸ್ವಲ್ಪವೂ ಇಷ್ಟವಿಲ್ಲ. ಪಾಪ, ಅದಕ್ಕೇನೋ ಕಷ್ಟ ಇರುತ್ತದೆ. ನಾನು ಮೊದಲು ಡಾಕ್ಟರ್ ಹತ್ತಿರ ಓಡಿದೆ. ನಿಮ್ಮ ಮನೆಯಲ್ಲಿ ಗಂಡು ಬೆಕ್ಕಿದ್ದು, ಟ್ರೇಗೆ ಹೋಗಿ ಹೋಗಿ ತಿಣುಕುತ್ತಾ, ಕೂಗುತ್ತಾ, ಉಚ್ಚೆ ಮಾತ್ರ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ. ಮೂತ್ರನಾಳ ಕಟ್ಟಿರಬಹುದು. ಒಂದೆರಡು ದಿನದಲ್ಲೇ ಜೀವ ಹೋಗಬಹುದು.

ಕರಿಯನಿಗೆ ಕಾಯಿಲೆ ಇರಲಿಲ್ಲ. ತಪ್ಪು ಆ ಲ್ಯಾವೆಂಡರ್ ಲಿಟರ್‌ದು, ಅಂದರೆ ಬೆಕ್ಕಿನ ಟ್ರೇಗೆ ಸುರಿಯುವ ಪರಿಮಳದ ಪುಡಿಯದ್ದು. ಆಫರ್ ಇತ್ತು ಅಂತ 10 ಕೆಜಿ ಚೀಲ ತಂದಿದ್ದೆ. ಆ ಪರಿಮಳ ನಮಗಾಗಿ ಹಾಕಿದ್ದು, ಬೆಕ್ಕಿಗಲ್ಲ. ಅದರ ಮೂಗು ನಮ್ಮದಕ್ಕಿಂತ ಎಷ್ಟೋ ಚುರುಕು. ಈಗ ಸುರಿಯುತ್ತಿರುವುದು ವಾಸನೆಯಿಲ್ಲದ ಬೆಂಟೊನೈಟ್, ಒದ್ದೆಯಾದರೆ ಉಂಡೆ ಕಟ್ಟುವ ಜೇಡಿಮಣ್ಣು. ಈ ಮಣ್ಣು ಗುಜರಾತಿನ ಕಚ್ಛ್‌ನಲ್ಲಿ ಜಾಸ್ತಿ ಸಿಗುತ್ತದೆ. ಕಚ್ಛ್‌ಗೆ ಒಮ್ಮೆ ಹೋಗಬೇಕು, ಆ ಬಿಳಿ ಉಪ್ಪಿನ ಬಯಲು ನೋಡಬೇಕು... ಅಯ್ಯೋ, ಟ್ರೇ ತುಂಬಿಯೇಬಿಟ್ಟಿತು! ಎರಡು ಇಂಚು ದಪ್ಪ ಇದ್ದರೆ ಸಾಕು.

ಟ್ರೇ ದೊಡ್ಡದಿರಲಿ, ಬೆಕ್ಕಿನ ಮೈಯ ಒಂದೂವರೆ ಪಟ್ಟು ಉದ್ದ. ಮುಚ್ಚಳದ ಟ್ರೇ ದಂಡ, ವಾಸನೆಯೆಲ್ಲ ಒಳಗೇ ಉಳಿಯುತ್ತದೆ. ಹಾಗಂತ ಪಕ್ಕದ ಮನೆಯ ಪುಕ್ಕಲು ಬೆಕ್ಕಿಗೆ ಮುಚ್ಚಳವೇ ಬೇಕು. ಸರಿ, ಅದರ ಇಷ್ಟ ನೋಡಿ ಕೊಡಿ. ಎರಡು ಬೆಕ್ಕಿದ್ದರೆ ಮೂರು ಟ್ರೇ ಇಡಿ. ಊಟದ ತಟ್ಟೆ ಪಕ್ಕ ಮಾತ್ರ ಇಡಬೇಡಿ. ನಾನು ಯುಟಿಲಿಟಿಯಲ್ಲಿ ಇಟ್ಟಿದ್ದೆ, ವಾಷಿಂಗ್ ಮಷೀನ್ ಗುಡುಗಿದರೆ ಅವನು ಓಡಿಬರುತ್ತಿದ್ದ. ಈಗ ರೂಮಿನ ಮೂಲೆಗೆ ತಂದಿದ್ದೇನೆ.

ಟ್ರೇಯಲ್ಲಿನ ಉಂಡೆ, ಮಲ ದಿನಾ ಎತ್ತಿ ಹಾಕಿ. ಅಕ್ಕ ಬಸುರಿ, ಮುಂದಿನ ವಾರ ಬರುತ್ತಾಳೆ. ಅವಳನ್ನು ಟ್ರೇ ಮುಟ್ಟಲು ಬಿಡಲ್ಲ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಜೀವಿ ಇದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಆಗಬಹುದು. ಅದು ಸೋಂಕು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು, ಅದಕ್ಕೇ ದಿನಾ ತೆಗೆಯಬೇಕು.

ಕೇಳಿಸಿತಾ, ಕೆರೆಯುವ ಸದ್ದು? ಕರಿಯ ಟ್ರೇಗೆ ಇಳಿದ. ಕ್ಯಾಮೆರಾ ಆಫ್ ಮಾಡುತ್ತೇನೆ, ಯಾರಾದರೂ ನೋಡುತ್ತಿದ್ದರೆ ಅವನಿಗೆ ಆಗಲ್ಲ.